ಗುದ್ದಲಿ ಒಂದು, ಕಾವು ಸಡಿಲ

ಕಳೆದ ತಿಂಗಳು ಗಂಗಾವತಿಯಲ್ಲಿ ಮೊಮ್ಮಗಳ ಶಾಲೆಯ ಕ್ರೀಡಾಕೂಟಕ್ಕೆ ಹೋಗಿದ್ದೆ. ನಿವೃತ್ತ ನೌಕರನಿಗೆ ಸಮಾಜ ಉಳಿಸಿರುವ ಗೌರವದ ಹುದ್ದೆಗಳು ಎರಡೇ: ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರುವುದು ಮತ್ತು ಇಂಥ ಸಮಾರಂಭಗಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುವುದು. ಎರಡನೆಯದನ್ನು ನಿರ್ವಹಿಸುತ್ತಿದ್ದಾಗ ಶಾಲೆಯ ಜವಾನ ತೂತು ಕೊರೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸಿ ಓಟದ ಗೆರೆಗಳನ್ನು ಎಳೆಯುತ್ತ ನನ್ನ ಮುಂದೆ ಹಾದುಹೋದ. ಗಾಳಿ ನನ್ನ ಕಡೆಗೇ ಇತ್ತು. ಪುಡಿ ಮೂಗಿಗೆ ಏರಿತು. ಸೀನು ಬರಬೇಕಾಗಿತ್ತು; ಬಂದದ್ದು ಒಂದು ಕೆರೆ.

ಊರಿನ ಹೆಸರು ಹೇಳುವುದಿಲ್ಲ. ನಾನಿನ್ನೂ ಪಿಂಚಣಿ ಉಣ್ಣುತ್ತಿರುವ ಮನುಷ್ಯ. ಕುಷ್ಟಗಿ ತಾಲ್ಲೂಕು, ತಾವರಗೇರಾದಿಂದ ಒಳಗೆ ಹೋಗುವ ರಸ್ತೆ, ರಸ್ತೆ ಬೇಸತ್ತು ನಿಂತುಬಿಡುವ ಜಾಗ, ಇಷ್ಟು ಸಾಕು. ಅಲ್ಲಿಯ ಪಂಚಾಯಿತಿಗೆ ನಾನು ಕಾರ್ಯದರ್ಶಿಯಾಗಿದ್ದೆ. ನೌಕರಿಯ ಕೊನೆಯ ಬೇಸಿಗೆ ಅದು. ಕೊನೆಯ ವರ್ಷದ ನೌಕರ ಹಸಿ ಗೋಡೆಯ ಪಕ್ಕದಲ್ಲಿ ನಡೆಯುವವನಂತೆ ನಡೆಯಬೇಕು, ಎಲ್ಲಿಯೂ ಮೈ ತಾಗಿಸಬಾರದು ಎಂದು ನನ್ನ ಹಿರಿಯರೊಬ್ಬರು ಉಪದೇಶಿಸಿದ್ದರು. ನಾನು ಹಾಗೆಯೇ ನಡೆಯುವ ಸಂಕಲ್ಪ ಮಾಡಿದ್ದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಅನ್ನುತ್ತಾರೆ. ನಮ್ಮ ಆ ಊರಲ್ಲಿ ಚಳಿಯ ಬೆನ್ನಿಗೇ ಜನವೂ ಓಡಿಹೋಗುತ್ತಿದ್ದರು. ಕೆಲವರು ಗೋವಾಕ್ಕೆ, ಕೆಲವರು ಮಂಗಳೂರಿನ ಕಡೆಗೆ, ಉಳಿದವರು ಗಂಗಾವತಿ ಭಾಗದ ಕಾಲುವೆ ಸೀಮೆಗೆ, ಭತ್ತದ ಗದ್ದೆಗಳ ಕೆಲಸಕ್ಕೆ. ಹೋಗದೆ ಉಳಿದವರಿಗಾಗಿ ಸರ್ಕಾರದ ಉದ್ಯೋಗ ಖಾತ್ರಿ ಇತ್ತು. ಆ ವರ್ಷ ಊರ ಕೆರೆಯ ಹೂಳೆತ್ತುವ ಕೆಲಸ ಮಂಜೂರಾಗಿತ್ತು. ಕೆರೆ ಎಂಬುದು ಆಗ ಕಾಗದದ ಮೇಲಿನ ಹೆಸರು. ನೆಲದ ಮೇಲೆ ಅದು ಬಿರುಕುಬಿಟ್ಟ ಕರಿಮಣ್ಣಿನ ಒಂದು ಬಯಲು, ನಡುವೆ ನಾಲ್ಕು ಜಾಲಿ ಗಿಡ.

ಕೆಲಸದ ಪದ್ಧತಿ ಹೀಗೆ. ಕೆರೆಯಂಗಳದಲ್ಲಿ ಸುಣ್ಣದ ಪುಡಿಯಿಂದ ಚೌಕಗಳನ್ನು ಗುರುತು ಮಾಡುತ್ತಿದ್ದರು. ಅದಕ್ಕೆ ಮಾರ್ಕ್ ಹಾಕುವುದು ಅನ್ನುತ್ತಾರೆ. ಒಂದು ಮಾರ್ಕಿಗೆ ಒಂದು ಜೋಡಿ, ಅಂದರೆ ಗಂಡ ಹೆಂಡತಿ. ಗಂಡ ಗುದ್ದಲಿಯಿಂದ ಅಗೆಯುತ್ತಾನೆ. ಹೆಂಡತಿ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಮಣ್ಣಿನ ಬುಟ್ಟಿ ಇಟ್ಟು, ಕೆರೆಯ ಏರಿ ಹತ್ತಿ ಆಚೆ ಸುರಿದು ಬರುತ್ತಾಳೆ. ಅವಳು ಹತ್ತಿ ಇಳಿದು ಬರುವತನಕ ಗಂಡ ಗುಂಡಿಯ ಅಂಚಿಗೆ ಕೂತು ಬೀಡಿ ಸೇದುತ್ತಾನೆ. ಕೂಲಿ ಇಬ್ಬರಿಗೂ ಒಂದೇ, ಅವರವರ ಖಾತೆಗೆ ಜಮಾ. ‘ಸಮಾನ ಕೆಲಸಕ್ಕೆ ಸಮಾನ ಕೂಲಿ’ ಎಂದು ಪಂಚಾಯಿತಿಯ ಗೋಡೆಗೆ ಬರೆಸಿದವನೇ ನಾನು. ಕೂಲಿ ಸಮಾನವಾಗಿಯೇ ಇತ್ತು. ಕೆಲಸ ಸಮಾನವೋ ಎಂದು ಯಾರೂ ಕೇಳಿರಲಿಲ್ಲ, ಕೇಳದ ಪ್ರಶ್ನೆಗೆ ಉತ್ತರಿಸುವುದು ಸೇವಾ ನಿಯಮಕ್ಕೆ ವಿರುದ್ಧ. ನನ್ನ ಮನೆಯಲ್ಲಂತೂ ಈ ವಿಷಯ ಚರ್ಚೆಗೆ ಬರುತ್ತಿರಲಿಲ್ಲ; ಚರ್ಚೆಗೆ ಬೇಕಾದ ಎರಡನೆಯವರು ಆ ಹೊತ್ತಿಗೆ ನೀರು ತರಲು ಹೋಗಿರುತ್ತಿದ್ದರು.

ಈ ಪದ್ಧತಿಯಲ್ಲಿ ಒಂದು ಸಣ್ಣ ತೊಡಕಿತ್ತು. ಗಂಡ ಇಲ್ಲದವಳಿಗೆ ಗುಂಡಿಯೂ ಇರಲಿಲ್ಲ.

ಹುಲಿಗೆವ್ವ ಬಂದದ್ದು ಕೆಲಸ ಶುರುವಾದ ಮೂರನೆಯ ದಿನ. ನಲವತ್ತರ ಹತ್ತಿರದ ಹೆಂಗಸು, ಒಣ ಜಾಲಿಯ ಕೊಂಬೆಯಂಥ ಮೈ, ಹೆಗಲ ಮೇಲೆ ಗುದ್ದಲಿ. ಆ ಗುದ್ದಲಿಯನ್ನು ಅವಳು ನನ್ನ ಮೇಜಿನ ಮೇಲೆ, ಸಹಿಗೆ ಕಾದಿದ್ದ ಕಾಗದಗಳ ಮೇಲೆ ಇಟ್ಟಳು. ಎದುರು ಬೆಂಚಿನ ಮೇಲೆ ಶರಣಪ್ಪ ಕೂತಿದ್ದ. ಕೂಲಿಕಾರರ ಗುಂಪಿಗೆ ಅವನೇ ಮೇಟ್. ಹಾಜರಿ ಹಿಡಿಯುವುದು, ಮಾರ್ಕ್ ಹಂಚುವುದು ಅವನ ಕೆಲಸ. ಮಾತು ಕಡಿಮೆ, ಮರ್ಯಾದೆ ಹೆಚ್ಚು. ಊರಲ್ಲಿ ಯಾರ ಮನೆಯ ಜಗಳವಾದರೂ ಅವನನ್ನೇ ಕರೆಯುತ್ತಿದ್ದರು.

“ಸೆಕ್ರೇಟ್ರಿ ಸಾಹೇಬ್ರ, ನನಗೊಂದು ಮಾರ್ಕ್ ಹಾಕಿಸಿ ಕೊಡ್ರಿ” ಅಂದಳು.

“ಅಗಿಯೋರು ಯಾರವ್ವಾ?” ಎಂದೆ.

“ನಾನ ಅಗಿತೀನ್ರಿ.”

“ಹೊರೋರು?”

“ನಾನ ಹೊರತೀನಿ.”

ಶರಣಪ್ಪ ಗಂಭೀರವಾಗಿ, “ಹಂಗಾರ ಕುಂತು ಬೀಡಿ ಸೇದೋರು ಯಾರು, ತಂಗಿ?” ಎಂದ.

“ಅದಕ್ಕ ನೀ ಅದೀಯಲ್ಲ, ಯಣ್ಣಾ.”

ಶರಣಪ್ಪ ನಕ್ಕ. ಅವನು ನಗಬಲ್ಲವನಾಗಿದ್ದ, ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

“ಹೋದ ವರ್ಷ ಕಾಲುವಿ ಸೀಮಿಗೆ ಹೋಗಿದ್ವಿ, ಶ್ರೀರಾಮನಗರದ ಆ ಕಡೆ” ಎಂದು ಅವಳು ನನಗೆ ಹೇಳಿದಳು. “ನಮ್ಮನಿಯಾಂವ ಗದ್ದಿಗೆ ಔಷಧ ಹೊಡಿಯಾಕ ಹೋಗಿದ್ದ. ಹೊಡದು ಬಂದಾಂವ ಬದುವಿನ ಮ್ಯಾಲ ಮಲಕೊಂಡ, ಏಳಲಿಲ್ರಿ. ಆ ಕೆಸರಿನಾಗ ಮತ್ತ ಕಾಲ ಇಡಂಗಿಲ್ಲಂತ ಅವನ ಹೆಣದ ಮುಂದ ಆಣಿ ಮಾಡೀನಿ. ಇಲ್ಲಿ ಕೆಲಸ ಸಿಗಲಿಲ್ಲಂದ್ರ ಆಣಿ ಮುರದು ಹೋಗಬೇಕು. ಇದು ಅವನ ಗುದ್ದಲಿ. ಏನ ಮಾಡಲಿ, ನೀವ ಹೇಳ್ರಿ.”

ಏನು ಹೇಳಬೇಕೆಂದು ತಿಳಿಯದಾದಾಗ ಸರ್ಕಾರಿ ನೌಕರ ಕಡತ ತೆಗೆಯುತ್ತಾನೆ. ನಾನೂ ತೆಗೆದೆ. ಬಂದ ಸುತ್ತೋಲೆಗಳನ್ನು ದಿನಾಂಕದ ಪ್ರಕಾರ ದಾರಕ್ಕೆ ಪೋಣಿಸಿಡುವುದರಲ್ಲಿ ನನ್ನನ್ನು ಮೀರಿಸಿದವರು ಆ ತಾಲ್ಲೂಕಿನಲ್ಲಿ ಇರಲಿಲ್ಲ. ಓದುವ ರೂಢಿ ಮಾತ್ರ ಇರಲಿಲ್ಲ. ಆ ದಿನ ಓದಿದೆ. ಇತ್ತು. ಹೆಂಗಸರದೇ ಗುಂಪು ಮಾಡಬಹುದು, ಹೆಂಗಸೇ ಮೇಟ್ ಆಗಬಹುದು, ಅದಕ್ಕೆ ಪ್ರೋತ್ಸಾಹ ಕೊಡತಕ್ಕದ್ದು. ಗುಂಪಿಗೆ ಹತ್ತು ಜನ ಬೇಕು. ಇನ್ನೊಂದು ಕರುಣೆಯೂ ಇತ್ತು: ಹೆಂಗಸರ ಗುಂಪಿಗೆ ಅಗೆಯುವ ಅಳತೆಯಲ್ಲಿ ರಿಯಾಯಿತಿ.

“ರಿಯಾಯತಿ ಬ್ಯಾಡ್ರಿ” ಅಂದಳು ಹುಲಿಗೆವ್ವ. “ಅವರಿಗೆ ಎಷ್ಟು ಮಾರ್ಕೋ ನಮಗೂ ಅಷ್ಟ ಹಾಕ್ರಿ. ಕಡಿಮಿ ಹಾಕಿದ್ರ ನಾಳೆ ಭಿಕ್ಷಾ ಅಂತಾರ.”

ಸಂಜೆಯೊಳಗೆ ಅವಳು ಒಂಬತ್ತು ಜನರನ್ನು ಕರೆತಂದಳು. ಗಂಡ ಸತ್ತವರು, ಬಿಟ್ಟುಹೋದವರು, ಗೋವಾಕ್ಕೆ ಹೋದ ಗಂಡನ ಫೋನಿಗೆ ಕಾಯುತ್ತಿದ್ದವರು. ಅವಳೂ ಸೇರಿ ಹತ್ತು; ಮೇಟ್ ಅವಳೇ. ನನ್ನ ಹಸಿ ಗೋಡೆಯ ಸಂಕಲ್ಪ ಅಲ್ಲಿಗೆ ಮುರಿಯಿತು. ಯಾಕೆ ಸಹಿ ಹಾಕಿದೆನೋ. ಬಹುಶಃ ಇಷ್ಟು ವರ್ಷ ಪೋಣಿಸಿದ ಕಾಗದಗಳಲ್ಲಿ ಒಂದಾದರೂ ನಿಜವಾದೀತೇ ನೋಡೋಣ ಎಂಬ ಕುತೂಹಲ.

ಮೊದಲ ಆಕ್ಷೇಪಣೆ ದೈವಿಕವಾಗಿತ್ತು. ಕೆರೆ ಎಂದರೆ ಗಂಗವ್ವ. ಅವಳ ಒಡಲಿಗೆ ಹೆಂಗಸು ಗುದ್ದಲಿ ಹಾಕಬಾರದು, ಹಾಕಿದರೆ ಮಳೆ ಮುನಿಯುತ್ತದೆ ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಮಾನಿಸಿದರು. ಮಳೆ ಮುನಿಸಿಕೊಂಡು ಆಗಲೇ ಎರಡು ವರ್ಷವಾಗಿತ್ತು, ಗುದ್ದಲಿ ಹಾಕಿದವರೆಲ್ಲ ಗಂಡಸರೇ ಆಗಿದ್ದರು. ಆದರೆ ಶಾಸ್ತ್ರದ ಮುಂದೆ ಪುರಾವೆ ನಿಲ್ಲುವುದಿಲ್ಲ. ಹುಲಿಗೆವ್ವ ಕಟ್ಟೆಯ ಮುಂದೆ ನಿಂತು ಕೇಳಿದಳು:

“ಗಂಗವ್ವ ಹೆಣ್ಣಲ್ಲೇನ್ರಿ, ಕಾಕಾ? ಹೆಣ್ಣಿನ ಬಾಣಂತನ ಗಂಡಸರು ಮಾಡ್ತಾರೇನು? ಅಕಿ ಹೊಟ್ಟ್ಯಾಗಿನ ಹೂಳ ತಗಿಯೂದು ನಮ್ಮ ಕೆಲಸ. ಇಷ್ಟು ವರ್ಷ ನೀವು ಹ್ಯಾಂಗ ಇಳದ್ರಿ ಅಂತ ನಾವ ಕೇಳಬೇಕು.”

ಶಾಸ್ತ್ರ ಸುಮ್ಮನಾಯಿತು.

ಮೊದಲ ವಾರ ಅವರ ಅಂಗೈಗಳು ಕಿತ್ತುಬಂದವು. ಹಳೆಯ ಸೀರೆಯ ಚೂರು ಸುತ್ತಿಕೊಂಡು ಅಗೆದರು. ಹುಲಿಗೆವ್ವನ ಗುದ್ದಲಿಯ ಕಾವು ಆಗಾಗ ಸಡಿಲಾಗುತ್ತಿತ್ತು; ಅವಳು ಜಾಲಿ ಕಟ್ಟಿಗೆಯ ಬೆಣೆ ಬಡಿದು, ನೀರಲ್ಲಿ ನೆನೆಸಿ, ಮತ್ತೆ ಹಿಡಿಯುತ್ತಿದ್ದಳು. ಎರಡನೆಯ ವಾರ ಅವರಿಗೆ ಒಂದು ಉಪಾಯ ಹೊಳೆಯಿತು. ಒಬ್ಬೊಬ್ಬರೇ ಬುಟ್ಟಿ ಹೊತ್ತು ಏರಿ ಹತ್ತುವ ಬದಲು, ಮೂವರು ಅಗೆದು, ಉಳಿದವರು ಏರಿಯ ಮೇಲಿನತನಕ ಸಾಲಾಗಿ ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸುವುದು. ಸ್ವಲ್ಪ ಹೊತ್ತಿಗೆ ಜಾಗ ಬದಲಿಸುವುದು. ಹೆಂಗಸರು ನಿಂತರು, ಬುಟ್ಟಿ ನಡೆಯಿತು. ಬಿಸಿಲು ನೆತ್ತಿಗೆ ಬರುವ ಮೊದಲೇ ಅವರ ಮಾರ್ಕ್ ಮುಗಿದು ಜಾಲಿ ಗಿಡದ ಕೆಳಗೆ ರೊಟ್ಟಿಗಂಟು ಬಿಚ್ಚುತ್ತಿದ್ದರು. ಅತ್ತ ಜೋಡಿಗಳ ಗುಂಡಿಗಳಲ್ಲಿ ಅದೇ ಹೆಂಡತಿಯರು ಅದೇ ಏರಿ ಹತ್ತಿ ಇಳಿಯುತ್ತಿದ್ದರು, ನಡುಮಧ್ಯಾಹ್ನದವರೆಗೆ.

ಹಾಗೆ ಹತ್ತುವಾಗ ಅವರ ಕಣ್ಣು ಜಾಲಿ ಗಿಡದ ಕಡೆ ಹೋಗುತ್ತಿತ್ತು. ನೆರಳಿನಷ್ಟು ಅಪಾಯಕಾರಿ ಪ್ರಚಾರ ಸಾಮಗ್ರಿಯನ್ನು ಯಾವ ಇಲಾಖೆಯೂ ಇನ್ನೂ ಮುದ್ರಿಸಿಲ್ಲ.

ಮೊದಲು ದಾಟಿದವಳು ಮಲ್ಲವ್ವ, ಶರಣಪ್ಪನ ಹೆಂಡತಿ. ನಾನು ಹಾಜರಿ ನೋಡಲು ಅಲ್ಲೇ ನಿಂತಿದ್ದೆ. ಅವಳು ಬುಟ್ಟಿ ಕೆಳಗಿಟ್ಟು, ಸಿಂಬಿ ಕೊಡವಿ ಸೊಂಟಕ್ಕೆ ಸಿಗಿಸಿಕೊಂಡು ಹೊರಟಳು.

“ಎಲ್ಲಿಗೆ ಹೊಂಟಿ?” ಎಂದ ಶರಣಪ್ಪ.

“ಆ ಗುಂಪಿಗ್ರಿ.”

“ಈ ಮಣ್ಣ ಯಾರ ಹೊರಬೇಕು?”

“ಹದಿನೆಂಟ ವರ್ಷ ನಾ ಹೊತ್ತೀನ್ರಿ. ಎಂಟ ದಿನ ನೀವ ಹೊರ್ರಿ.”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದೇ ತೊಂದರೆ ಮಾಡಿತು. ಸಿಟ್ಟಿನಿಂದ ಹೋದವಳು ಸಂಜೆಗೆ ಮರಳುತ್ತಾಳೆ. ಇವಳು ಲೆಕ್ಕ ಹಾಕಿ ಹೋಗಿದ್ದಳು. ನಾಲ್ಕು ದಿನದಲ್ಲಿ ಅವಳ ಹಿಂದೆ ಇನ್ನೂ ಎಂಟು ಹೆಂಡತಿಯರು ದಾಟಿದರು.

ಈಗ ಕೆರೆಯಲ್ಲಿ ಅಭೂತಪೂರ್ವವಾದ ದೃಶ್ಯ ಏರ್ಪಟ್ಟಿತು. ಗಂಡಸರು ಅಗೆದರು. ಅಗೆದ ಮಣ್ಣು ಗುಂಡಿಯಲ್ಲೇ ಕೂತಿತು. ಗಂಡಸರು ಅದರ ಮೇಲೆ ಕೂತರು. ನಮ್ಮ ಸೀಮೆಯ ಅಲಿಖಿತ ಸಂವಿಧಾನದಲ್ಲಿ ಗಂಡಸು ಹೆಗಲ ಮೇಲೆ ಏನನ್ನಾದರೂ ಹೊರಬಹುದು: ಜೋಳದ ಚೀಲ, ಪಲ್ಲಕ್ಕಿ, ಹೆಣ. ತಲೆಯ ಮೇಲೆ ಸಿಂಬಿ ಇಟ್ಟು ಮಣ್ಣಿನ ಬುಟ್ಟಿ ಹೊರುವಂತಿಲ್ಲ. ಕಿರಿಯ ಇಂಜಿನಿಯರ್ ಅಳತೆಗೆ ಬಂದ ದಿನ ತಲೆಯ ಮೇಲೆ ಕೈಯಿಟ್ಟುಕೊಂಡು, “ಏನ್ರಿ ಇದು, ಕೆರಿ ಹೂಳ ತಗಿಯಾಕತ್ತೀರೋ, ತಿರುವಿ ಹಾಕಾಕತ್ತೀರೋ?” ಎಂದು ಕೇಳಿ, ಅಳೆಯದೆ ಹೋದ. ಮಣ್ಣು ಹೊರಬಿದ್ದರಷ್ಟೇ ಅಳತೆ, ಅಳತೆಯಾದರಷ್ಟೇ ಕೂಲಿ.

“ನೀವೂ ಅವರಂಗ ಸಾಲ ಹಿಡದು ನಿಂತು ಬುಟ್ಟಿ ದಾಟಸ್ರಲಾ” ಎಂದೆ ಶರಣಪ್ಪನಿಗೆ. “ತಲಿ ಮ್ಯಾಲ ಇಡೂದ ಬೇಕಾಗಿಲ್ಲ.”

“ಹೆಂಗಸರನ್ನ ನೋಡಿ ಕಲತ್ರು ಅಂತಾರ್ರಿ.”

“ಅಂದ್ರ ಏನಾತು?”

ಶರಣಪ್ಪ ಹೆಗಲ ಟವೆಲ್ ಸರಿಮಾಡಿಕೊಂಡು, “ಏನೂ ಆಗಂಗಿಲ್ರಿ” ಅಂದ. “ಆದ್ರ ಮೊದಲು ಯಾರ ಮಾಡಬೇಕು, ಅದ ದೊಡ್ಡ ಮಾತು.”

ಮೊದಲು ಮಾಡಿದವನು ಅವನೇ.

ಯುಗಾದಿ ಮುಗಿದು ಕೆಲವು ದಿನಗಳಾಗಿದ್ದವು. ಹಿಂದಿನ ದಿನ ಒಂದು ಹಾಜರಿ ಪಟ್ಟಿ ಕೆರೆಯಲ್ಲೇ ಮರೆತು ಬಂದಿದ್ದರಿಂದ ನಾನು ಬೆಳ್ಳಂಬೆಳಗ್ಗೆ, ಇನ್ನೂ ಬೆಳಕು ಸರಿಯಾಗಿ ಹರಿಯುವ ಮೊದಲು, ಏರಿಯ ಮೇಲೆ ಬಂದೆ. ಕೆಳಗೆ ಒಬ್ಬನೇ ಮನುಷ್ಯ. ಶರಣಪ್ಪ ಹೆಗಲ ಟವೆಲನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಬುಟ್ಟಿ ಎತ್ತಿ, ಏರಿ ಹತ್ತುತ್ತಿದ್ದ. ಬೆನ್ನು ನೆಟ್ಟಗೆ, ಒಂದು ಕೈ ಬುಟ್ಟಿಗೆ, ಒಂದು ಕೈ ಗಾಳಿಗೆ. ಹದಿನೆಂಟು ವರ್ಷ ನೋಡಿ ಕಲಿತ ನಡಿಗೆ ಅದು. ಅವನ ಗುಂಡಿ ಅರ್ಧ ಖಾಲಿಯಾಗಿತ್ತು. ಅಂದರೆ ಕತ್ತಲಿದ್ದಾಗಿನಿಂದಲೇ ಹೊರುತ್ತಿದ್ದ.

ನಾನು ಅಲ್ಲಿಂದ ಹಿಂದೆ ಸರಿಯಬಹುದಾಗಿತ್ತು. ಕೆಮ್ಮಬಹುದಾಗಿತ್ತು. ಆದರೆ ನನಗೆ ಸಣ್ಣಂದಿನಿಂದ ಒಂದು ವಿನೋದದ ಚಟ.

“ಶರಣಪ್ಪಾ, ಛಲೋ ಹೊರತೀಯಪ್ಪಾ. ಬಳಿ ಒಂದ ಕಡಿಮಿ.”

ಅವನು ಬುಟ್ಟಿಯನ್ನು ಅಲ್ಲೇ ಬಿಟ್ಟ. ಅದು ಉರುಳಿ ಕೆಳಗೆ ಹೋಯಿತು. ನನ್ನನ್ನು ನೋಡಿದ, ಟವೆಲ್ ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ಅಷ್ಟಕ್ಕೆ ನಾನು ಬಾಯಿ ಮುಚ್ಚಿದ್ದರೂ ಉಳಿಯುತ್ತಿತ್ತೇನೋ. ಚಹಾದ ಅಂಗಡಿಯಲ್ಲಿ ಕೂತಾಗ ಯಾರೋ “ಏನ್ರಿ ಸಾಹೇಬ್ರ, ಲಗೂನ ಬಂದೀರಿ” ಎಂದರು. ಕಥೆ ಹೇಳುವವನಿಗೆ ಅಷ್ಟೇ ಸಾಕು. ಹೇಳಿದೆ, ನಡಿಗೆಯನ್ನೂ ಮಾಡಿ ತೋರಿಸಿದೆ. ಅಂಗಡಿ ನಕ್ಕಿತು. ಮಧ್ಯಾಹ್ನದ ಹೊತ್ತಿಗೆ ಊರೇ ನಕ್ಕಿತು. ಯಾರೋ ಶರಣಪ್ಪನ ಮನೆಯ ಬಾಗಿಲಿಗೆ ಎರಡು ಹಸಿರು ಬಳೆ ಕಟ್ಟಿ ಹೋಗಿದ್ದರು.

ನನ್ನ ಜೀವಮಾನದ ವಿನೋದಗಳಲ್ಲಿ ಅದು ಅತ್ಯಂತ ಯಶಸ್ವಿಯಾದದ್ದು. ಅದರ ಬೆಲೆ ನಾನು ಕೊಡಲಿಲ್ಲ.

ಮರುದಿನ ಬೇವಿನ ಕಟ್ಟೆಗೆ ಸಭೆ ಸೇರಿತು. ಶರಣಪ್ಪ ಎದ್ದು ನಿಂತ. ನಗಬಲ್ಲ ಆ ಮುಖದಲ್ಲಿ ಏನೂ ಉಳಿದಿರಲಿಲ್ಲ.

“ನನ್ನ ಹೆಂಡತಿ ನನ್ನ ಗುಂಡಿಗೆ ಬರಬೇಕು. ಎಲ್ಲಾರ ಹೆಂಡಂದಿರೂ ಬರಬೇಕು. ಇಲ್ಲಂದ್ರ ನಾಳಿಂದ ಕೆರಿಯಾಗ ಒಬ್ಬ ಗಂಡಸೂ ಇಳಿಯಂಗಿಲ್ಲ.”

ಗಂಡಸರು ಇಳಿಯದಿದ್ದರೆ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ಮೇಲಿನಿಂದ ಪ್ರಶ್ನೆ ಬರುತ್ತದೆ. ಪ್ರಶ್ನೆ ನಿವೃತ್ತಿಯ ಹೊಸ್ತಿಲಲ್ಲಿ ಕೂತವನ ತಲೆಗೆ ಬರುತ್ತದೆ. ಪಂಚಾಯಿತಿ ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಾಗಿ, “ಸಾಹೇಬ್ರ, ಏನಾರ ಒಂದು ನಿಯಮ ಹುಡುಕ್ರಿ” ಅಂದರು.

ನಾನು ಎದ್ದೆ. ಕೌಟುಂಬಿಕ ಸಾಮರಸ್ಯದ ಹಿತದೃಷ್ಟಿಯಿಂದ, ಒಂದೇ ಕುಟುಂಬದ ಉದ್ಯೋಗ ಚೀಟಿಯಲ್ಲಿರುವವರು ಒಂದೇ ಸ್ಥಳದಲ್ಲಿ ಜೊತೆಯಾಗಿಯೇ ಕೆಲಸ ಮಾಡತಕ್ಕದ್ದು ಎಂದು ನಿಯಮವಿದೆ ಎಂದೆ. ಅಂಥ ನಿಯಮ ಎಲ್ಲಿಯೂ ಇರಲಿಲ್ಲ. ಚೀಟಿ ಒಂದೇ ಆದರೂ ಯಾರು ಎಲ್ಲಿ ಬೇಕಾದರೂ ದುಡಿಯಬಹುದಾಗಿತ್ತು.

ಮಲ್ಲವ್ವ ಹೆಂಗಸರ ಸಾಲಿನಿಂದ ಕೇಳಿದಳು: “ನಿಮ್ಮ ಕಾಗದದಾಗ ಹಂಗ ಐತೇನ್ರಿ, ಸಾಹೇಬ್ರ?”

“ಐತವ್ವಾ.”

“ಒಂದೀಟು ಓದಿ ಹೇಳ್ರಿ.”

ಬಗಲಿನ ಕಡತದಿಂದ ಕೈಗೆ ಸಿಕ್ಕ ಸುತ್ತೋಲೆಯನ್ನು ಹೊರಗೆ ತೆಗೆದೆ. ಅದು ಬೇಸಿಗೆಯಲ್ಲಿ ಜಾನುವಾರುಗಳಿಗೆ ಕುಡಿಯುವ ನೀರಿನ ತೊಟ್ಟಿ ಕಟ್ಟಿಸುವ ಬಗ್ಗೆ. ಅದನ್ನು ಕಣ್ಣೆತ್ತರಕ್ಕೆ ಹಿಡಿದು, ಸಾಲಿನ ಮೇಲೆ ಬೆರಳು ಓಡಿಸುತ್ತ, ಅದರಲ್ಲಿ ಇಲ್ಲದ ವಾಕ್ಯವನ್ನು ಉಚ್ಚಕಂಠದಿಂದ ಓದಿದೆ. ‘ತಕ್ಕದ್ದು’ ಎಂಬಲ್ಲಿ ಒತ್ತು ಕೊಟ್ಟೆ. ಓದಿ ಮುಗಿಸಿ ತಿರುಗಿದರೆ ನನ್ನ ಭುಜದ ಹಿಂದೆಯೇ ಹುಲಿಗೆವ್ವ ನಿಂತಿದ್ದಳು. ಅವಳ ಕಣ್ಣು ಕಾಗದದ ಮೇಲಿತ್ತು, ಆಮೇಲೆ ನನ್ನ ಮೇಲೆ ಬಂತು. ಅವಳು ಏಳನೆಯ ತರಗತಿಯವರೆಗೆ ಓದಿದವಳೆಂಬುದು ನನಗೆ ಗೊತ್ತಿತ್ತು. ಮೇಟ್ ಮಾಡುವಾಗ ನಾನೇ ದಾಖಲೆ ಪರಿಶೀಲಿಸಿದ್ದೆ. ಸಭೆಯ ನಡುವೆ ಅವಳು ಒಂದು ಮಾತು ಆಡಿದ್ದರೆ ನನ್ನ ನೌಕರಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆಡಲಿಲ್ಲ. ಯಾಕೆ ಆಡಲಿಲ್ಲ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ತನ್ನ ಹತ್ತು ಜನರ ಗುಂಪಾದರೂ ಉಳಿಯಲಿ, ಅದು ಈ ಸೆಕ್ರೇಟ್ರಿಯ ಸಹಿಯ ಮೇಲೆ ನಿಂತಿದೆ ಎಂದು ಲೆಕ್ಕ ಹಾಕಿರಬೇಕು.

ಒಂಬತ್ತು ಹೆಂಡತಿಯರು ಸಿಂಬಿ ತೆಗೆದುಕೊಂಡು ತಂತಮ್ಮ ಗುಂಡಿಗೆ ಮರಳಿದರು. ಮಲ್ಲವ್ವ ಆಮೇಲೆ ಗಂಡನ ಜೊತೆ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಬುಟ್ಟಿ ತುಂಬುವತನಕ ಏರಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು, ತುಂಬಿದೊಡನೆ ಹೊರಡುತ್ತಿದ್ದಳು.

ಹತ್ತು ದಿನ ಹಾಗೇ ನಡೆಯಿತು. ಆಮೇಲೆ ಗುಂಪಿನ ರೇಣವ್ವನ ಗಂಡ ಗೋವಾದಿಂದ ಇದ್ದಕ್ಕಿದ್ದಂತೆ ಬಂದಿಳಿದ. ಊರಿನಿಂದ ಯಾರೋ ಫೋನು ಮಾಡಿ, ನಿನ್ನ ಹೆಂಡತಿ ಗುದ್ದಲಿ ಹಿಡಿದು ಗಂಡಸಾಗಿದ್ದಾಳೆ ಎಂದು ಹೇಳಿದ್ದರಂತೆ. ಅವನು ಬಂದವನೇ ಒಂದು ಮಾರ್ಕ್ ಹಿಡಿದ, ಅವಳ ಕೈಯಿಂದ ಗುದ್ದಲಿ ತೆಗೆದು ಬುಟ್ಟಿ ಕೊಟ್ಟ. ನಾನೇ ಓದಿದ ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು.

ಗುಂಪಿನಲ್ಲಿ ಒಂಬತ್ತು ಜನ ಉಳಿದರು. ಗುಂಪಿಗೆ ಹತ್ತು ಜನ ಬೇಕು. ಇದು ಮಾತ್ರ ನಿಜವಾಗಿಯೂ ಸುತ್ತೋಲೆಯಲ್ಲಿತ್ತು.

ಹುಲಿಗೆವ್ವ ಕಚೇರಿಗೆ ಬಂದಳು. ಮೊದಲ ದಿನದಂತೆಯೇ ಗುದ್ದಲಿ ಹೆಗಲ ಮೇಲಿತ್ತು. ನಾನು ಹೇಳಬೇಕಾದದ್ದನ್ನು ಬಹಳ ಮೃದುವಾಗಿ ಹೇಳಿದೆ: ಗುಂಪು ರದ್ದಾಗುತ್ತದೆ, ಒಂಬತ್ತು ಜನರನ್ನು ಬೇರೆ ಬೇರೆ ಗುಂಡಿಗಳಿಗೆ ಹೊರುವವರಾಗಿ ಹಂಚಲಾಗುವುದು, ಹಂಚುವವನು ಶರಣಪ್ಪ.

ಅವಳು ಬಾಗಿಲ ಕಡೆ ನೋಡಿದಳು, ಯಾರೂ ಇರಲಿಲ್ಲ. ಆಮೇಲೆ ದನಿ ಇಳಿಸಿ ಹೇಳಿದಳು:

“ಹತ್ತಕ್ಕ ಒಂದ ಕಡಿಮಿ, ಸಾಹೇಬ್ರ. ಆ ದನದ ನೀರಿನ ತೊಟ್ಟಿ ಕಾಗದ ಐತಲ್ರಿ, ಅದನ್ನ ಇನ್ನೊಮ್ಮೆ ಓದ್ರಿ. ಅದರಾಗ ಒಂಬತ್ತು ಮಂದಿಗೂ ಏನಾರ ಬರದಿದ್ದೀತು.”

ಅದು ಬೇಡಿಕೆ, ಅಣಕವಲ್ಲ. ಹೆಂಡತಿಯರನ್ನು ಹಿಂದೆ ಕಳಿಸಲು ಸುಳ್ಳು ಓದಿದವನು, ಒಂಬತ್ತು ಜನರನ್ನು ಉಳಿಸಲು ಇನ್ನೊಂದು ಓದಲಾರನೇ ಎಂದು ಅವಳು ನಿಜವಾಗಿಯೂ ಕೇಳಿದಳು. ನನಗೆ ಆ ಕ್ಷಣದಲ್ಲಿ ನಿಯಮಗಳ ಬಗ್ಗೆ ಅಪಾರ ಗೌರವ ಹುಟ್ಟಿತು.

“ಹಂಗ ಮಾಡಾಕ ಬರಂಗಿಲ್ಲವ್ವಾ” ಅಂದೆ.

“ಆತ್ರಿ.”

“ನೀನೂ ಹೊರು. ಮಳಿಗಾಲದತನಕ. ಕೂಲಿ ಅಷ್ಟ ಬರತೈತಿ.”

“ಯಾರ ಗುಂಡ್ಯಾಗ್ರಿ? ಇವತ್ತ ಇವನ ಗುಂಡ್ಯಾಗ, ನಾಳಿ ಅವನ ಗುಂಡ್ಯಾಗ. ಊರ ನಾಲಗಿ ನಿಮಗ ಗೊತ್ತಿಲ್ಲೇನು? ಬಳಿ ಕಟ್ಟಿದ ಮಂದಿ ಐತಿ ಇದು.” ಹೆಗಲಿನಿಂದ ಗುದ್ದಲಿ ಇಳಿಸುತ್ತ ಅಂದಳು, “ಕೆಸರ ಛಲೋ ಅದಕ್ಕಿಂತ.”

ಗುದ್ದಲಿಯನ್ನು ಈ ಸಲ ಮೇಜಿನ ಮೇಲಿಡಲಿಲ್ಲ. ಮೂಲೆಗೆ, ಗೋಡೆಗೆ ಒರಗಿಸಿದಳು. “ಇದನ್ನ ಇಟಗೊಂಡಿರ್ರಿ. ನಾಟಿ ಹಚ್ಚಾಕ ಗುದ್ದಲಿ ಬೇಕಾಗಂಗಿಲ್ಲ. ತಿರುಗಿ ಬಂದಾಗ ಒಯ್ತೀನಿ.”

ಯಾವುದೇ ವಸ್ತು ಕಚೇರಿಯಲ್ಲಿ ದಾಖಲೆ ಇಲ್ಲದೆ ಇರಕೂಡದು. ದಾಸ್ತಾನು ವಹಿ ತೆಗೆದು ಬರೆದೆ: ‘ಗುದ್ದಲಿ ಒಂದು, ಕಾವು ಸಡಿಲ.’ ನನ್ನ ನೌಕರಿಯಲ್ಲಿ ಅಷ್ಟು ನಿಖರವಾಗಿ ಇನ್ನೇನನ್ನೂ ಬರೆದಿಲ್ಲ.

ಹೆಂಗಸರ ಗುಂಪು ಬಿಟ್ಟುಹೋದ ಗುಂಡಿಯ ನಡುವೆ ಮಣ್ಣಿನ ಒಂದು ಗುಡ್ಡೆ ನಿಂತಿತ್ತು. ಎಷ್ಟು ಆಳ ಅಗೆದಿದ್ದಾರೆ ಎಂದು ತಿಳಿಯಲು ಹಳೆಯ ನೆಲವನ್ನು ಒಂದಿಷ್ಟು ಅಗಲ ಮುಟ್ಟದೆ ಬಿಡುತ್ತಾರೆ. ಅದರ ತಲೆಯ ಮೇಲೆ ಒಣಹುಲ್ಲು ಹಾಗೇ ಇರುತ್ತದೆ. ಇಂಜಿನಿಯರ್ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದ. ಅಷ್ಟರಲ್ಲಿ ಒಂದು ಸಂಜೆ, ಎರಡು ವರ್ಷ ಮುನಿದಿದ್ದ ಮಳೆ, ಯಾರ ಮೇಲಿನ ಕೋಪ ಇಳಿಯಿತೋ, ಸುರಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿಯ ತುಂಬ ರಾಡಿ ನೀರು, ಗುಡ್ಡೆ ಕರಗಿತ್ತು. ಅವರ ಕೊನೆಯ ವಾರದ ಕೆಲಸಕ್ಕೆ ಅಳತೆಯೇ ಇಲ್ಲವಾಯಿತು.

ಆ ಮಳೆಗಾಲದಲ್ಲೇ ಪಂಚಾಯಿತಿ ಗೋಡೆಗೆ ಹೊಸ ಚಿತ್ರ ಬರೆಸಲು ಆದೇಶ ಬಂತು. ಬರೆಯುವವನು ಕೇಳಿದ, “ಸ್ತ್ರೀ ಪುರುಷ ಸಮಾನತೆ ಅಂತ ಐತ್ರಿ. ಏನ ಬರಿಲಿ?” “ಒಂದು ಗಂಡು, ಒಂದು ಹೆಣ್ಣು, ಇಬ್ರೂ ಕೆಲಸ ಮಾಡೂದು” ಎಂದು ಹೇಳಿ ಒಳಗೆ ಹೋದೆ. ಅವನು ಪ್ರಾಮಾಣಿಕವಾಗಿ ಬರೆದ. ಗಂಡಿನ ಕೈಯಲ್ಲಿ ಗುದ್ದಲಿ, ಹೆಣ್ಣಿನ ತಲೆಯ ಮೇಲೆ ಬುಟ್ಟಿ, ಇಬ್ಬರ ಮುಖದಲ್ಲೂ ನಗು. ಎತ್ತರ ಇಬ್ಬರದೂ ಸಮಾನವಾಗಿತ್ತು. ಅದರ ಕೆಳಗೆ ನಿಂತು ನನ್ನ ಬೀಳ್ಕೊಡುಗೆಯ ಫೋಟೊ ತೆಗೆದರು. ಶರಣಪ್ಪ ಹಾರ ಹಾಕಲು ಬರಲಿಲ್ಲ.

ಹುಲಿಗೆವ್ವನನ್ನು ಮತ್ತೆ ನೋಡಿದ್ದು ಎರಡು ವರ್ಷದ ಹಿಂದೆ. ಗಂಗಾವತಿಯಲ್ಲಿ ಬೆಳಗಿನ ಹಾಲಿಗೆ ಹೋಗಿದ್ದೆ. ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರ್ ಡೀಸೆಲ್ ಡಬ್ಬಿ ತುಂಬಿಸಿಕೊಳ್ಳಲು ನಿಂತಿತ್ತು. ಹಿಂದಿನ ಟ್ರೇಲರಿನಲ್ಲಿ ಶ್ರೀರಾಮನಗರದ ಕಡೆಗೆ ನಾಟಿಗೆ ಹೋಗುವ ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಅಂಚಿಗೆ ನಿಂತವಳು ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

“ಆರಾಮ ಅದೀರೇನ್ರಿ, ಸಾಹೇಬ್ರ?”

ಮೈ ಇನ್ನಷ್ಟು ಒಣಗಿತ್ತು. ಹಿಂದಿನ ದಿನದ ಕೆಸರು ಮೊಣಕಾಲ ಕೆಳಗೆ ಒಣಗಿ, ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ನಾನು ಅದನ್ನೇ ನೋಡುತ್ತಿದ್ದೇನೆ ಎಂದು ಗೊತ್ತಾಗಿ ಅವಳು ಒಂದು ಕಾಲಿನ ಹಿಂದೆ ಇನ್ನೊಂದನ್ನು ಮರೆಮಾಡಿದಳು.

“ಆರಾಮವ್ವಾ. ನೀನು?”

“ನಡದೈತ್ರಿ.” ಆಮೇಲೆ, ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತಿನಂತೆ ಕೇಳಿದಳು, “ನನ್ನ ಗುದ್ದಲಿ ಐತೇನ್ರಿ?”

“ಐತವ್ವಾ” ಅಂದೆ. “ವಹಿಯಾಗ ಬರದೀನಿ.”

“ವಹಿಯಾಗ ಐತಿ” ಎಂದು ಅವಳು ಮೆಲ್ಲಗೆ ಹೇಳಿಕೊಂಡಳು. ಡ್ರೈವರ್ ಹತ್ತಿ ಕೂತ. ಟ್ರೇಲರು ಜಗ್ಗಿದಾಗ ಅವಳು ಅಂಚನ್ನು ಎರಡೂ ಕೈಯಿಂದ ಹಿಡಿದು, ನನ್ನ ಕಡೆ ಬಾಗಿ ಹೇಳಿದಳು:

“ನೀವು ಓದಿದ್ದು ಯಾವತ್ತರ ಸುಳ್ಳ ಆಗೇತೇನ್ರಿ, ಸಾಹೇಬ್ರ? ಇರತೈತಿ ಬಿಡ್ರಿ.”

ಟ್ರ್ಯಾಕ್ಟರ್ ಕಾಲುವೆಯ ಕಡೆ ತಿರುಗಿತು. ಹಾಲಿನ ಪ್ಯಾಕೆಟ್ ಕೈಯಲ್ಲಿ ತಣ್ಣಗೆ ಬೆವರುತ್ತಿತ್ತು. ಆ ವಹಿಯನ್ನು ನಾನು ಯಾರಿಗೆ ಒಪ್ಪಿಸಿ ಬಂದೆ, ಮೂಲೆಯ ಗುದ್ದಲಿಯನ್ನು ಯಾರಿಗಾದರೂ ತೋರಿಸಿದೆನೇ ಎಂದು ನೆನಪು ಮಾಡಿಕೊಳ್ಳುತ್ತ ಮನೆಯತನಕ ನಡೆದೆ. ತೋರಿಸಿರಲಿಲ್ಲ.